ವಲಸೆಯ ಕೂಲಿಕಾರರೂ ಸಕ್ರಮದ ಕಾಯಿದೆಯೂ

ನಮ್ಮ ತಾಲ್ಲೂಕು ಕಚೇರಿಯ ಹಜಾರದಲ್ಲಿ ಒಂದು ಗಳಿಗೆ ನಿಂತವರಿಗೆ 'ಸಕ್ರಮ'ವೆಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಕಾರದ ಬೀಳುನೆಲವನ್ನು ಹುಕುಮಿಲ್ಲದೆ ಉತ್ತು ಬಿತ್ತಿ ಹತ್ತಾರು ವರ್ಷ ಅನುಭವಿಸಿದ ಬಡರೈತನು, ಅದನ್ನು ತನ್ನ ಹೆಸರಿಗೆ ಮಾಡಿಕೊಡಬೇಕೆಂದು ಅರ್ಜಿ ಹಿಡಿದು ಅಲ್ಲಿ ನಿಂತಿರುತ್ತಾನೆ. ಅವನ ಸಾಗುವಳಿಗೆ ಬಗರ್‌ಹುಕುಂ ಎಂದು ಹೆಸರು. ನಡೆದುಹೋದುದನ್ನು ಒಪ್ಪಿಕೊಂಡು ಚೀಟಿ ಕೊಡುವುದಕ್ಕೆ ಸಕ್ರಮವೆಂದು ಹೆಸರು. ನಾನು ಈ ಹೊತ್ತು ಮಾತನಾಡಬೇಕೆಂದಿರುವುದೂ ಒಂದು ಬಗೆಯ ಬಗರ್‌ಹುಕುಂ ಸಾಗುವಳಿಯನ್ನು ಕುರಿತೇ. ಆದರೆ ಅಲ್ಲಿ ಹುಕುಮಿಲ್ಲದಿರುವುದು ನೆಲಕ್ಕಲ್ಲ, ಮನುಷ್ಯನಿಗೆ. ನೆಲ ಜಮೀನುದಾರನದು, ಅದರ ದಸ್ತಾವೇಜಿನಲ್ಲಿ ಕೊರತೆಯೇನೂ ಇಲ್ಲ. ಅದರ ಮೇಲೆ ಬಾಗಿ ದುಡಿಯುವ ಆಳಿಗೆ ಮಾತ್ರ ಆ ದೇಶದಲ್ಲಿ ಇರುವುದಕ್ಕೇ ಅಪ್ಪಣೆಯಿಲ್ಲ. ದೇಶ ಅಮೆರಿಕದ ಸಂಯುಕ್ತ ಸಂಸ್ಥಾನ. ಆಳು ಹೆಚ್ಚಾಗಿ ಮೆಕ್ಸಿಕೋದವನು. ಹೊಲ ಬಹುಮಟ್ಟಿಗೆ ಕಾಲಿಫೋರ್ನಿಯ ಸಂಸ್ಥಾನದ್ದು. ಇಂಥ ಆಳುಗಳನ್ನು ಲಕ್ಷಗಟ್ಟಲೆಯಾಗಿ ಒಮ್ಮೆಗೇ ಸಕ್ರಮಗೊಳಿಸಿದ ಕಾಯಿದೆಯೊಂದು ೧೯೮೬ರಲ್ಲಿ ಅಲ್ಲಿ ಜಾರಿಗೆ ಬಂದಿತು. ಅದರಿಂದ ಆಳಿಗೆ ಏನಾಯಿತು, ಹೊಲಕ್ಕೆ ಏನಾಯಿತು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಎರಡನ್ನೂ ಒಂದೇ ಎಂದು ತಿಳಿದವರು ಅಲ್ಲಿನ ಶಾಸನಕರ್ತರಲ್ಲಿಯೂ ಇದ್ದರು.

ಮೊದಲು ಆ ಹೊಲಗಳ ಸ್ವಭಾವವನ್ನು ಅರಿಯಬೇಕು. ಜೋಳ ಗೋಧಿಗಳ ಬೆಳೆಗೆ ಯಂತ್ರ ಬಂದು ನೂರು ವರ್ಷವಾಯಿತು. ಅಲ್ಲಿ ಆಳು ಕಡಮೆ. ಆದರೆ ಸ್ಟ್ರಾಬೆರಿ, ದ್ರಾಕ್ಷಿ, ಪೀಚು, ಎಲೆಕೋಸು, ಲೆಟಿಸ್ ಸೊಪ್ಪು ಇವುಗಳಿಗೆ ಕೈಯೇ ಬೇಕು. ಅದೂ ವರ್ಷವೆಲ್ಲ ಬೇಕಾಗುವುದಿಲ್ಲ. ಹಣ್ಣಾಗುವ ಮೂರು ವಾರ ಸಾವಿರ ಕೈ ಬೇಕು, ನಾಲ್ಕನೆಯ ವಾರ ಒಂದೂ ಬೇಡ. ಹಣ್ಣು ಆ ದಿನ ಕೀಳದಿದ್ದರೆ ಮಾರನೆಯ ದಿನ ಕೊಳೆಯುತ್ತದೆ. ಆದುದರಿಂದ ಕರೆದಾಗ ಬರುವ, ಕಳುಹಿಸಿದಾಗ ಹೋಗುವ, ನಡುವಣ ಕಾಲದಲ್ಲಿ ಏನು ತಿಂದನೆಂದು ಯಾರೂ ಕೇಳಬೇಕಾಗಿಲ್ಲದ ಆಳೇ ಈ ಬೇಸಾಯಕ್ಕೆ ಅನುಕೂಲ. ಊರಿನಲ್ಲಿ ಮನೆಮಾಡಿಕೊಂಡು ಮಕ್ಕಳನ್ನು ಶಾಲೆಗೆ ಕಳುಹಿಸುವ ಸ್ವದೇಶದ ಕೂಲಿಯವನು ಇದಕ್ಕೆ ಒದಗುವವನಲ್ಲ. ಪರದೇಶದವನು ಒದಗುತ್ತಾನೆ, ಪರದೇಶದವನಾಗಿ ಉಳಿದಿರುವವರೆಗೆ ಮಾತ್ರ ಒದಗುತ್ತಾನೆ. ಇದು ನೆನಪಿನಲ್ಲಿದ್ದರೆ ಮುಂದಿನ ಕಥೆಯೆಲ್ಲ ತಾನಾಗಿ ತಿಳಿಯುವುದು.

ಕಾಲಿಫೋರ್ನಿಯದ ಹೊಲಗಳಿಗೆ ಇಂಥ ಆಳುಗಳು ಸಾಲುಸಾಲಾಗಿ ಬಂದರು. ಮೊದಲು ಚೀಣೀಯರು, ಅವರನ್ನು ೧೮೮೨ರ ಕಾಯಿದೆ ತಡೆಯಿತು. ಬಳಿಕ ಜಪಾನಿನವರು. ಅವರೊಡನೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ನಮ್ಮ ದೇಶದ ಪಂಜಾಬಿನ ರೈತರು. ಈ ಪಂಜಾಬಿಗಳ ವೃತ್ತಾಂತವನ್ನು ಸ್ವಲ್ಪ ನಿಂತು ಹೇಳಬೇಕು. ಏಕೆಂದರೆ ಕಾಯಿದೆಯೆಂಬುದು ಒಬ್ಬ ದುಡಿಮೆಗಾರನನ್ನು ಹೇಗೆ ಬರೆಯಬಲ್ಲುದು, ಹೇಗೆ ಅಳಿಸಬಲ್ಲುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಅವರು ಬರಿಯ ಕೂಲಿಗಳಾಗಿ ಉಳಿಯಲಿಲ್ಲ. ಇಂಪೀರಿಯಲ್ ಕಣಿವೆಯಲ್ಲಿ ಗುತ್ತಿಗೆ ಹಿಡಿದು ಹತ್ತಿ, ಕರಬೂಜಗಳನ್ನು ಬೆಳೆದರು. ೧೯೧೩ರಲ್ಲಿ ಕಾಲಿಫೋರ್ನಿಯ ಸಂಸ್ಥಾನವು, ಪೌರತ್ವಕ್ಕೆ ಅರ್ಹರಲ್ಲದ ಪರದೇಶೀಯರು ನೆಲದ ಒಡೆಯರಾಗಕೂಡದೆಂದು ಕಾಯಿದೆ ಮಾಡಿತು. ೧೯೧೭ರಲ್ಲಿ ಇಂಡಿಯಾದಿಂದ ಹೊಸಬರು ಬರುವುದು ನಿಂತಿತು. ೧೯೨೩ರಲ್ಲಿ ಭಗತ್‌ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇಂಡಿಯಾದವರು ಪೌರರಾಗಲು ಅರ್ಹರಲ್ಲವೆಂದು ತೀರ್ಮಾನಿಸಿತು. ಅಂದಿನಿಂದ ಪಂಜಾಬಿ ರೈತನು ತಾನು ಹಸನು ಮಾಡಿದ ಹೊಲವನ್ನು ಯಾವನೋ ನೆರೆಯವನ ಹೆಸರಿನಲ್ಲಿ ಇಟ್ಟುಕೊಂಡು, ಅವನ ಒಳ್ಳೆಯತನವನ್ನು ನಂಬಿ ಬದುಕಬೇಕಾಯಿತು. ಹೆಂಡತಿಯನ್ನು ಊರಿನಿಂದ ಕರೆತರುವಂತಿಲ್ಲವಾಗಿ ಹಲವರು ಮೆಕ್ಸಿಕೋ ಮೂಲದ ಹೆಂಗಸರನ್ನು ಮದುವೆಯಾದರು. ೧೯೪೬ರ ಲೂಸ್-ಸೆಲ್ಲರ್ ಕಾಯಿದೆ ವರ್ಷಕ್ಕೆ ನೂರು ಮಂದಿ ಇಂಡಿಯನರಿಗೆ ಪ್ರವೇಶವನ್ನೂ, ಅಲ್ಲಿ ಇದ್ದವರಿಗೆ ಪೌರತ್ವದ ಹಕ್ಕನ್ನೂ ಕೊಟ್ಟಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, ೧೯೫೬ರ ಚುನಾವಣೆಯಲ್ಲಿ, ಅದೇ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿದ್ದ ದಲೀಪ್‌ಸಿಂಗ್ ಸೌಂದ್ ಅವರು ಅಮೆರಿಕದ ಕಾಂಗ್ರೆಸಿಗೆ ಆಯ್ಕೆಯಾದರು. ನಡುವೆ ಅವರ ದುಡಿಮೆಯಲ್ಲಿ ಆಗಲಿ ಯೋಗ್ಯತೆಯಲ್ಲಿ ಆಗಲಿ ಏನೂ ಬದಲಾಗಿರಲಿಲ್ಲ. ಕಾಯಿದೆಯ ಒಂದು ಪುಟ ಬದಲಾಗಿದ್ದಿತು, ಅಷ್ಟೆ.

ಏಷ್ಯದ ಬಾಗಿಲುಗಳು ಮುಚ್ಚಿದಂತೆಲ್ಲ ಹೊಲಗಳು ದಕ್ಷಿಣದ ಗಡಿಯ ಕಡೆಗೆ ಮುಖಮಾಡಿದುವು. ಎರಡನೆಯ ಮಹಾಯುದ್ಧದಲ್ಲಿ ಆಳುಗಳ ಅಭಾವ ಒದಗಿದಾಗ, ೧೯೪೨ರ ಆಗಸ್ಟಿನಲ್ಲಿ ಅಮೆರಿಕವೂ ಮೆಕ್ಸಿಕೋವೂ ಒಂದು ಕರಾರು ಮಾಡಿಕೊಂಡುವು. ಇದರಂತೆ ಬಂದವರಿಗೆ ಬ್ರಾಸೇರೋ ಎಂದು ಹೆಸರು. ತೋಳಿನಿಂದ ದುಡಿಯುವವನು ಎಂಬುದು ಆ ಸ್ಪ್ಯಾನಿಷ್ ಮಾತಿನ ಅರ್ಥ. ತೋಳಿಗಷ್ಟೇ ಆಹ್ವಾನ, ಉಳಿದ ಮನುಷ್ಯನಿಗೆ ಇಲ್ಲ ಎಂಬುದನ್ನು ಹೆಸರೇ ಹೇಳುತ್ತಿದ್ದಿತು. ಯುದ್ಧಕಾಲಕ್ಕೆಂದು ಹುಟ್ಟಿದ ಏರ್ಪಾಡು ೧೯೬೪ರ ಕೊನೆಯವರೆಗೂ ನಡೆದು, ಸುಮಾರು ೪೬ ಲಕ್ಷ ಕರಾರುಗಳಾದುವು. ಕಾಗದದ ಮೇಲೆ ಕೂಲಿಯ ದರ, ವಸತಿ, ಊಟ ಎಲ್ಲಕ್ಕೂ ಭರವಸೆಯಿದ್ದಿತು. ಮೊದಲ ವರ್ಷಗಳಲ್ಲಿ ಕೂಲಿಯ ಹತ್ತನೆಯ ಒಂದು ಭಾಗವನ್ನು ಹಿಡಿದು, ಊರಿಗೆ ಮರಳಿದ ಮೇಲೆ ಕೊಡುವುದಾಗಿ ಮೆಕ್ಸಿಕೋದ ಬ್ಯಾಂಕುಗಳಿಗೆ ಕಳುಹಿಸಿದರು. ಎಷ್ಟೋ ಮಂದಿಗೆ ಆ ಹಣ ಮುಟ್ಟಲೇ ಇಲ್ಲ. ಅರ್ಧ ಶತಮಾನ ಕಳೆದ ಬಳಿಕ ಅವರು ಮುಪ್ಪಿನಲ್ಲಿ ಊರುಗೋಲು ಹಿಡಿದು ಮೆರವಣಿಗೆ ಹೊರಡಬೇಕಾಯಿತು.

ಸಕ್ರಮವೆಂಬ ವಿದ್ಯೆಯನ್ನು ಅಮೆರಿಕದ ಅಧಿಕಾರಿಗಳು ಕಲಿತುದು ಈ ಕಾಲದಲ್ಲಿಯೇ. ಕರಾರಿನ ಮೂಲಕ ಬಂದವರ ಜತೆಗೆ ಕರಾರಿಲ್ಲದೆ ರಿಯೋಗ್ರಾಂಡೆ ನದಿಯನ್ನು ಈಸಿ ಬಂದವರು ಬಹುಮಂದಿ. ಇವರಿಗೆ 'ಒದ್ದೆಬೆನ್ನಿನವರು' ಎಂಬ ಹೀನಾಯದ ಹೆಸರು ಅಂಟಿತು. ಇವರನ್ನು ಹಿಡಿದು ಓಡಿಸಿದರೆ ಹತ್ತಿಯನ್ನು ಬಿಡಿಸುವವರು ಯಾರು? ಆದುದರಿಂದ ಅವರನ್ನು ಗಡಿಗೆ ಕರೆದೊಯ್ದು, ಮೆಕ್ಸಿಕೋದ ನೆಲದ ಮೇಲೆ ಒಂದು ಹೆಜ್ಜೆ ಇಡಿಸಿ, ಅಲ್ಲಿಯೇ ಹಿಂದಕ್ಕೆ ತಿರುಗಿಸಿ, ಕರಾರಿನ ಕೂಲಿಗಳೆಂದು ಬರೆದುಕೊಳ್ಳುತ್ತಿದ್ದರು. ಇದಕ್ಕೆ 'ಒಣಗಿಸುವುದು' ಎಂದು ಹಾಸ್ಯದ ಹೆಸರು. ನಗೆ ಬರುತ್ತದೆ, ನಿಜ. ಲೆಕ್ಕವನ್ನು ನೋಡಿದರೆ ನಗೆ ನಿಲ್ಲುತ್ತದೆ. ೧೯೫೧ರಲ್ಲಿ ಅಧ್ಯಕ್ಷ ಟ್ರೂಮನ್ನರ ವಿಚಾರಣಾಸಮಿತಿ ವರದಿಮಾಡಿದಂತೆ, ೧೯೪೭ರಿಂದ ೧೯೪೯ರವರೆಗೆ ಮೆಕ್ಸಿಕೋದಿಂದ ಹೊಸದಾಗಿ ಕರಾರು ಮಾಡಿಸಿಕೊಂಡು ಬಂದವರು ಸುಮಾರು ೭೪ ಸಾವಿರ; ಅಕ್ರಮವಾಗಿ ಬಂದು ಒಣಗಿಸಿಕೊಂಡವರು ಸುಮಾರು ೧ ಲಕ್ಷ ೪೨ ಸಾವಿರ. ಹಾಗೆಂದರೆ ನೆಟ್ಟಗೆ ಬಾಗಿಲಿನಲ್ಲಿ ಬಂದವನಿಗಿಂತ ಗೋಡೆ ಹಾರಿ ಬಂದವನಿಗೇ ಕರಾರು ಸಿಕ್ಕುವ ಸಂಭವ ಹೆಚ್ಚು. ೧೯೫೨ರ ವಲಸೆಯ ಕಾಯಿದೆ ಇನ್ನೊಂದು ಸೋಜಿಗವನ್ನು ಸೇರಿಸಿತು. ಅಕ್ರಮವಾಗಿ ಬಂದವನನ್ನು ಬಚ್ಚಿಡುವುದು ಅಪರಾಧ. ಆದರೆ ಅವನಿಗೆ ಕೆಲಸ ಕೊಡುವುದು ಬಚ್ಚಿಟ್ಟಂತೆ ಆಗುವುದಿಲ್ಲ! ಟೆಕ್ಸಾಸಿನ ಜಮೀನುದಾರರ ಪ್ರಭಾವದಿಂದ ಬಂದ ಮಾತಾದುದರಿಂದ ಅದಕ್ಕೆ ಆ ಸಂಸ್ಥಾನದ ಹೆಸರೇ ನಿಂತಿತು.

ಬ್ರಾಸೇರೋ ಕರಾರು ೧೯೬೪ರಲ್ಲಿ ಮುಗಿದಾಗ ಸ್ವದೇಶದ ಕೂಲಿಕಾರರಿಗೆ ಕೂಲಿ ಏರುವುದೆಂದು ಹಲವರು ಎಣಿಸಿದ್ದರು. ಈಚೆಗೆ ಅರ್ಥಶಾಸ್ತ್ರಜ್ಞರು ಹಳೆಯ ಅಂಕಿಗಳನ್ನು ಕೆದಕಿ ನೋಡಿ, ಹಾಗೆ ಏರಿದ ಗುರುತು ಕಾಣದೆಂದು ತೋರಿಸಿದ್ದಾರೆ. ಜಮೀನುದಾರರು ಯಂತ್ರವನ್ನು ತಂದರು, ಅಥವಾ ಬೆಳೆಯನ್ನು ಬದಲಾಯಿಸಿದರು. ಡೇವಿಸ್ಸಿನ ವಿಶ್ವವಿದ್ಯಾನಿಲಯದವರು ಟೊಮೇಟೋ ಕೀಳುವ ಯಂತ್ರವನ್ನೂ, ಆ ಯಂತ್ರದ ಹೊಡೆತವನ್ನು ತಾಳಬಲ್ಲ ಗಟ್ಟಿ ಸಿಪ್ಪೆಯ ಟೊಮೇಟೋ ತಳಿಯನ್ನೂ ಸಿದ್ಧಮಾಡಿಟ್ಟಿದ್ದರು. ಆರೇಳು ವರ್ಷಗಳಲ್ಲಿ ಡಬ್ಬಿಗೆ ಹೋಗುವ ಟೊಮೇಟೋ ಬಹುತೇಕ ಯಂತ್ರದ ಪಾಲಾಯಿತು. ಯಂತ್ರಕ್ಕೆ ಒಗ್ಗದ ಬೆಳೆಗಳಿಗೆ ಹಳೆಯ ಬ್ರಾಸೇರೋಗಳೇ ಬಂದರು. ದಾರಿ ಅವರಿಗೆ ಗೊತ್ತಿದ್ದಿತು. ಜಮೀನುದಾರರಿಗೆ ಅವರ ಗುರುತಿದ್ದಿತು. ನಡುವೆ ಇದ್ದ ಕರಾರಿನ ಕಾಗದವೊಂದು ಇಲ್ಲವಾಗಿದ್ದಿತು. ಇಪ್ಪತ್ತು ವರ್ಷಗಳಲ್ಲಿ ಕರಾರಿನ ಕೂಲಿ ಹೀಗೆ ಅಕ್ರಮದ ಕೂಲಿಯಾದನು. ೧೯೮೬ರ ಕಾಯಿದೆಯ ಮುಂದೆ ಬಂದು ನಿಂತವನು ಅವನೇ, ಅಥವಾ ಅವನ ಮಗ.

ಆ ಕಾಯಿದೆಗೆ ಅಧ್ಯಕ್ಷ ರೇಗನ್ನರು ೧೯೮೬ರ ನವೆಂಬರ್ ೬ರಂದು ರುಜು ಹಾಕಿದರು. ಅದರಲ್ಲಿ ಎರಡು ತೂಕಗಳಿದ್ದುವು. ಈಗಾಗಲೇ ಬಂದು ನೆಲಸಿದವರಿಗೆ ಸಕ್ರಮ. ಇನ್ನು ಮುಂದೆ ಅಕ್ರಮದವರಿಗೆ ತಿಳಿದೂ ತಿಳಿದೂ ಕೆಲಸ ಕೊಡುವ ಧಣಿಗೆ ಜುಲ್ಮಾನೆ. ಸಾಮಾನ್ಯರಿಗೆ ವಿಧಿಸಿದ ನಿಯಮ ಕಠಿಣವಾದುದು: ೧೯೮೨ರ ಜನವರಿ ೧ಕ್ಕೆ ಮುಂಚಿನಿಂದ ಒಂದೇ ಸಮನಾಗಿ ಆ ದೇಶದಲ್ಲಿ ಇದ್ದುದನ್ನು ರುಜುವಾತು ಮಾಡಬೇಕು. ಹೊಲದ ಕೂಲಿಗೆ ಇದು ಆಗದ ಮಾತು. ಅವನು ಬೆಳೆ ಮುಗಿದೊಡನೆ ಊರಿಗೆ ಹೋಗಿ ಬರುವವನು. ಜಮೀನುದಾರರು, ಸಕ್ರಮ ಹೇಗಾದರೂ ಇರಲಿ, ಬ್ರಾಸೇರೋಗಳಂಥ ಕೂಲಿಗಳನ್ನೇ ಮತ್ತೆ ಕೊಡಿರೆಂದರು. ಕೂಲಿಕಾರರ ಪಕ್ಷದವರು, ಆ ಜೀತವಂತೂ ಬೇಡವೆಂದರು. ಹಟ ಬಿಗಿಯಾಗಿ ಮಸೂದೆಯೇ ಮುಳುಗುವ ಹೊತ್ತಿಗೆ ರಾಜಿಯೊಂದನ್ನು ಕುದುರಿಸಿದವರು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಪ್ರತಿನಿಧಿ ಚಾರ್ಲ್ಸ್ ಶೂಮರ್ ಅವರು. ಅವರ ಮತಕ್ಷೇತ್ರದಲ್ಲಿ ಹುಡುಕಿದರೂ ಒಂದು ಲೆಟಿಸ್ ಹೊಲ ಸಿಕ್ಕದು. ಒಂದು ವೇಳೆ ರಾಜಿ ಸಾಧ್ಯವಾದುದು ಅದರಿಂದಲೇ ಇರಬಹುದು.

ಈ ರಾಜಿಯಂತೆ, ೧೯೮೬ರ ಮೇ ೧ಕ್ಕೆ ಕೊನೆಗೊಂಡ ವರ್ಷದಲ್ಲಿ ೯೦ ದಿನ ಹೊಲದ ಕೆಲಸ ಮಾಡಿದ್ದರೆ ಸಾಕು; ಅವನು ಮೊದಲು ತಾತ್ಕಾಲಿಕ ನಿವಾಸಿ, ಆಮೇಲೆ ತಾನಾಗಿಯೇ ಕಾಯಂ ನಿವಾಸಿ. ಕೆಲಸವೆಂದರೆ ಎಲ್ಲ ಬೇಸಾಯವೂ ಅಲ್ಲ. ಬೇಗನೆ ಕೆಡುವ ಪದಾರ್ಥಗಳ ಕೆಲಸ ಮಾತ್ರ. ಯಾವುದು ಬೇಗನೆ ಕೆಡುವುದೆಂಬುದನ್ನು ಕೃಷಿಖಾತೆಯವರು ಪಟ್ಟಿಮಾಡಿದರು. ಆ ಪಟ್ಟಿಯನ್ನು ಓದಿದರೆ ನಮ್ಮ ಮಂಡ್ಯದ ಕಡೆಯವರಿಗೆ ಬೇಸರವಾದೀತು. ಸಕ್ಕರೆಯ ಬೀಟ್ ಗೆಡ್ಡೆ ಕಿತ್ತವನು ಅರ್ಹ. ಕಬ್ಬು ಕಡಿದವನು ಅನರ್ಹ. ಕ್ರಿಸ್‌ಮಸ್ ಗಿಡ ಕಡಿದವನು ಒಳಗೆ. ಹುಲ್ಲು ಕೊಯ್ದವನು, ಹಾಲು ಕರೆದವನು ಹೊರಗೆ. ಫ್ಲಾರಿಡದಲ್ಲಿ ಕಬ್ಬು ಕಡಿಯುತ್ತಿದ್ದವರು ಜಮೈಕ ಮುಂತಾದ ದ್ವೀಪಗಳಿಂದ ಸರಕಾರದ ಅಪ್ಪಣೆಯನ್ನು ಪಡೆದೇ, ರಹದಾರಿ ಹಿಡಿದೇ ಬಂದ ಕರಾರಿನ ಕೂಲಿಗಳು. ಹಾಗಾಗಿ, ಕಾಯಿದೆಯನ್ನು ಮೀರಿ ಬಂದು ಸೌತೇಕಾಯಿ ಕಿತ್ತವನಿಗೆ ಸಕ್ರಮ ದೊರೆಯಿತು. ಕಾಯಿದೆಯಂತೆ ಬಂದು ಕಬ್ಬು ಕಡಿದವನು ಋತು ಮುಗಿದೊಡನೆ ಬರಿಗೈಯಲ್ಲಿ ದ್ವೀಪಕ್ಕೆ ಹಿಂದಿರುಗಿದನು.

ರುಜುವಾತಿನ ಪ್ರಶ್ನೆ ಇದಕ್ಕಿಂತ ತೊಡಕಿನದು. ಹೊಲದ ಕೂಲಿಗೆ ಹಾಜರಿಪಟ್ಟಿ ಎಲ್ಲಿಯದು? ಅವನನ್ನು ಕೆಲಸಕ್ಕೆ ಹಚ್ಚಿದವನು ಜಮೀನುದಾರನಲ್ಲ, ಮೇಸ್ತ್ರಿ. ನಮ್ಮ ಮಲೆನಾಡಿನ ಕಾಫಿತೋಟಗಳನ್ನು ಬಲ್ಲವರಿಗೆ ಈ ಮೇಸ್ತ್ರಿಯ ಪರಿಚಯವಿದೆ. ಹೆಸರು ಬೇರೆಯಾದರೂ ಆಸಾಮಿ ಅವನೇ. ಅವನು ಕೂಲಿಯನ್ನು ನಗದಾಗಿ ಎಣಿಸಿ ಕೊಡುತ್ತಾನೆ, ಚೀಟಿ ಕೊಡುವುದಿಲ್ಲ, ಕೆಲವೊಮ್ಮೆ ಒಂದೇ ಹೆಸರಿನ ಮೇಲೆ ಒಂದು ಕುಟುಂಬವೇ ದುಡಿದಿರುತ್ತದೆ. ಇದನ್ನು ಅರಿತ ಶಾಸನಸಭೆಯು ಧಣಿಯ ಅಥವಾ ಮೇಸ್ತ್ರಿಯ ಪ್ರಮಾಣಪತ್ರವನ್ನೂ ಒಪ್ಪಬಹುದೆಂದಿತು. ಕೂಲಿಯವನು ನಂಬತಕ್ಕಂಥ ಆಧಾರ ಕೊಟ್ಟರೆ ಅದು ಸುಳ್ಳೆಂದು ತೋರಿಸುವ ಹೊಣೆ ಸರಕಾರದ ಮೇಲೆ ಬೀಳುವಂತೆಯೂ ಮಾಡಿತು. ದಯಾಳುವಾದ ನಿಯಮ, ನ್ಯಾಯವಾದ ನಿಯಮವೂ ಹೌದು. ಆದರೆ ಅಂದಿನಿಂದ ಮೇಸ್ತ್ರಿಯ ರುಜು ಪೇಟೆಯ ಸರಕಾಯಿತು. ಹೊಲವನ್ನೇ ಮೆಟ್ಟದವರು ಪ್ರಮಾಣಪತ್ರ ಕೊಂಡರು. ಸ್ಟ್ರಾಬೆರಿಯನ್ನು ಏಣಿ ಹಾಕಿಕೊಂಡು ಮರದಿಂದ ಕಿತ್ತೆವೆಂದು ಅಧಿಕಾರಿಗಳ ಮುಂದೆ ಹೇಳಿದವರ ಕಥೆಗಳನ್ನು ಪತ್ರಿಕೆಗಳು ಬರೆದುವು. ಈ ವಂಚನೆಯನ್ನು ಕುರಿತು ಅಮೆರಿಕದಲ್ಲಿ ಈಗಲೂ ಬಹಳ ಮಾತಿದೆ. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಬ್ಬನ ಚಿತ್ರ: ನೂರು ದಿನ ನಿಜವಾಗಿ ದುಡಿದು, ಮೇಸ್ತ್ರಿಯೊಡನೆ ಕೂಲಿಯ ಬಾಬತ್ತು ಜಗಳವಾಡಿದ್ದುದರಿಂದ ರುಜು ಸಿಕ್ಕದೆ ಹೋದವನದು. ಅವನ ಕಥೆಯನ್ನು ಪತ್ರಿಕೆಗಳು ಬರೆಯಲು ಅವನ ಹತ್ತಿರ ಏನೂ ಇರಲಿಲ್ಲ.

ಹೊಲದ ಕೂಲಿಯೆಂದು ಅರ್ಜಿ ಹಾಕಿದವರು ಸುಮಾರು ೧೩ ಲಕ್ಷ ಮಂದಿ, ಸರಕಾರ ಎಣಿಸಿದ್ದಕ್ಕಿಂತ ಬಹಳ ಹೆಚ್ಚು. ಅವರಲ್ಲಿ ಇಂಡಿಯಾದವರೂ ಇದ್ದರು. ಒಪ್ಪಿಗೆಯಾದುವು ಸುಮಾರು ೧೧ ಲಕ್ಷ. ಸಾಮಾನ್ಯ ವರ್ಗದವರನ್ನೂ ಸೇರಿಸಿದರೆ ಕಾಯಿದೆಯಿಂದ ಸಕ್ರಮವಾದವರು ಸುಮಾರು ೨೭ ಲಕ್ಷ.

ಈಗ ಮೊದಲನೆಯ ಪ್ರಶ್ನೆ: ಆಳಿಗೆ ಏನಾಯಿತು? ಒಳ್ಳೆಯದೇ ಆಯಿತು. ಪೋಲೀಸಿನವನನ್ನು ಕಂಡು ಕಾಲುವೆಯಲ್ಲಿ ಅಡಗುವುದು ತಪ್ಪಿತು. ತಾಯಿ ಸತ್ತರೆ ಊರಿಗೆ ಹೋಗಿ ಮಣ್ಣು ಹಾಕಿ ಹಿಂದಿರುಗಬಹುದಾಯಿತು. ಹಿಂದೆ ಹೋದರೆ ಮತ್ತೆ ಕಳ್ಳದಾರಿಯವನಿಗೆ ಹಣ ತೆರಬೇಕಾಗಿದ್ದಿತು. ಕೂಲಿ ಕೊಡದ ಮೇಸ್ತ್ರಿಯ ಮೇಲೆ ದೂರು ಕೊಡುವ ಧೈರ್ಯ ಬಂದಿತು. ಎಲ್ಲಕ್ಕಿಂತ ಮಿಗಿಲಾಗಿ, ಹೊಲವನ್ನು ಬಿಟ್ಟುಹೋಗುವ ಸ್ವಾತಂತ್ರ್ಯ ಬಂದಿತು. ಕಾಯಿದೆ ಅವನನ್ನು ಹೊಲಕ್ಕೆ ಕಟ್ಟಿಹಾಕಲಿಲ್ಲ. ಚೀಟಿ ಕೈಗೆ ಬಂದ ಮರುದಿನವೇ ಅವನು ಪೇಟೆಯ ಹೋಟಲಿಗೋ, ಮನೆ ಕಟ್ಟುವ ಕೆಲಸಕ್ಕೋ ಹೋಗಬಹುದಾಗಿದ್ದಿತು. ಎಲ್ಲರೂ ಓಡಿದರೆಂದಲ್ಲ. ಬಹಳ ಮಂದಿ ವರ್ಷಗಟ್ಟಲೆ ಹೊಲದಲ್ಲಿಯೇ ಇದ್ದರು. ಕೆಲವರು ಮೇಸ್ತ್ರಿಗಳಾದರು, ಕೆಲವರು ತಾವೇ ಸ್ಟ್ರಾಬೆರಿಯ ಗುತ್ತಿಗೆ ಹಿಡಿದರು. ಆದರೆ ಮಕ್ಕಳು ಹೊಲಕ್ಕೆ ಇಳಿಯಲಿಲ್ಲ. ಕಾಯಿದೆಯಲ್ಲಿ ಒಂದು ಹೃದಯಹೀನತೆಯೂ ಇದ್ದಿತು: ಸಕ್ರಮ ದುಡಿದವನಿಗೆ ಮಾತ್ರ, ಅವನ ಹೆಂಡತಿ ಮಕ್ಕಳಿಗೆ ಇಲ್ಲ. ಗಂಡ ಸಕ್ರಮ, ಹೆಂಡತಿ ಅಕ್ರಮ, ಅಲ್ಲಿಯೇ ಹುಟ್ಟಿದ ಕೂಸು ಹುಟ್ಟಿನಿಂದ ಪ್ರಜೆ! ಒಂದೇ ಒಲೆಯ ಮುಂದೆ ಮೂರು ಬಗೆಯ ಮನುಷ್ಯರು ಊಟಕ್ಕೆ ಕುಳಿತರು.

ಎರಡನೆಯ ಪ್ರಶ್ನೆಗೆ ಉತ್ತರ ಬೇರೆ. ಹೊಲಕ್ಕೆ ಏನೂ ಆಗಲಿಲ್ಲ. ಆಗಬಾರದೆಂದೇ ಕಾಯಿದೆಯಲ್ಲಿ ಏರ್ಪಾಡುಗಳಿದ್ದುವು. ವಲಸೆಯ ಅಧಿಕಾರಿಯು ಒಡೆಯನ ಒಪ್ಪಿಗೆಯಿಲ್ಲದೆ ಅಥವಾ ವಾರಂಟಿಲ್ಲದೆ ತೆರೆದ ಹೊಲದೊಳಕ್ಕೆ ಕಾಲಿಡಕೂಡದೆಂದು ಅದು ವಿಧಿಸಿತು. ಧಣಿಯು ಆಳಿನ ಕಾಗದಗಳನ್ನು ನೋಡಬೇಕು. ಅವು ಮೇಲ್ನೋಟಕ್ಕೆ ಸಾಚಾ ಎಂದು ತೋರಿದರೆ ಸಾಕು, ಶೋಧಿಸಬೇಕಾಗಿಲ್ಲ. ಇಷ್ಟಾದ ಮೇಲೆ ಖೋಟಾ ಚೀಟಿಯ ಅಚ್ಚುಕೂಟಗಳು ಹುಟ್ಟದಿರುತ್ತವೆಯೇ? ಅದಕ್ಕೂ ಅಂಜಿದ ಜಮೀನುದಾರನು ಆಳುಗಳನ್ನು ನೇರವಾಗಿ ಇಟ್ಟುಕೊಳ್ಳುವುದನ್ನು ಬಿಟ್ಟು ಮೇಸ್ತ್ರಿಗೆ ವಹಿಸಿದನು. ಜುಲ್ಮಾನೆ ಬಂದರೆ ಅವನಿಗೆ ಬರಲಿ! ಮೇಸ್ತ್ರಿಯು ವ್ಯಾನಿನ ಬಾಡಿಗೆ, ಕೈಗವಸಿನ ಬೆಲೆ, ಮಲಗುವ ಜಾಗದ ಬಾಡಿಗೆ ಎಂದು ಕೂಲಿಯಲ್ಲಿ ಮುರಿದುಕೊಂಡನು. ಧಣಿಯನ್ನು ದಂಡಿಸಲು ಬಂದ ಕಾಯಿದೆ ಮೇಸ್ತ್ರಿಯನ್ನು ಬೆಳೆಸಿತು.

ಇದರ ಫಲವನ್ನು ಅಂಕಿಗಳೇ ಹೇಳುತ್ತವೆ. ಈ ಕಾಯಿದೆಯ ನಿಮಿತ್ತವಾಗಿಯೇ ೧೯೮೯ರ ಸುಮಾರಿಗೆ ಅಮೆರಿಕದ ಕಾರ್ಮಿಕಖಾತೆಯು ಹೊಲದ ಕೂಲಿಗಳ ಒಂದು ಸಮೀಕ್ಷೆಯನ್ನು ಆರಂಭಿಸಿತು. ಮೊದಲ ವರ್ಷ ಬೆಳೆಯ ಕೆಲಸಗಾರರಲ್ಲಿ ಅಪ್ಪಣೆಯಿಲ್ಲದವರು ನೂರಕ್ಕೆ ಹತ್ತಕ್ಕಿಂತ ಕಡಮೆ. ಏಕೆಂದರೆ ಆಗತಾನೆ ಎಲ್ಲರಿಗೂ ಚೀಟಿ ಸಿಕ್ಕಿದ್ದಿತು. ೧೯೯೪-೯೫ರಲ್ಲಿ ಅವರು ನೂರಕ್ಕೆ ೩೭. ೧೯೯೭-೯೮ರಲ್ಲಿ ನೂರಕ್ಕೆ ೫೨. ಹತ್ತು ವರ್ಷಗಳು ತುಂಬುವುದರೊಳಗೆ ಹೊಲವು ಅಕ್ರಮದ ಕೂಲಿಗಳನ್ನೇ ಮತ್ತೆ ತುಂಬಿಕೊಂಡಿತು. ಹೊರಟುಹೋದವನ ಸಾಲಿನಲ್ಲಿ, ಅದೇ ಬಾಗಿದ ಬೆನ್ನಿನಲ್ಲಿ, ಹೊಸಬನು ನಿಂತನು. ಈ ಸಲ ದೂರದ ಒಹಾಕ ಪ್ರಾಂತದ, ಸ್ಪ್ಯಾನಿಷ್ ಕೂಡ ಬಾರದ ಮೂಲನಿವಾಸಿ ಎಷ್ಟೋ ಸಲ. ಸಕ್ರಮವಾದವರು ಹೊಲ ಬಿಟ್ಟರೆ ಹೊಸಬರನ್ನು ಕ್ರಮವಾಗಿ ತರಿಸಿಕೊಳ್ಳಲು ಕಾಯಿದೆಯಲ್ಲಿ ಇನ್ನೊಂದು ಏರ್ಪಾಡಿದ್ದಿತು. ವರ್ಷವರ್ಷವೂ ಅಧಿಕಾರಿಗಳು ಕೊರತೆಯ ಲೆಕ್ಕ ಹಾಕಿ ಸಂಖ್ಯೆಯನ್ನು ಸಾರಬೇಕು. ಅವರು ಸಾರಿದ ಸಂಖ್ಯೆ ಪ್ರತಿವರ್ಷವೂ ಸೊನ್ನೆ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕಳ್ಳದಾರಿಯಲ್ಲಿ ಬೇಕಾದಷ್ಟು ಮಂದಿ ಬರುತ್ತಿದ್ದಾಗ ಕೊರತೆಯಾದರೂ ಎಲ್ಲಿಂದ ಬರಬೇಕು!

ಹೊಲವು ಬದಲಾಗದಿದ್ದುದಕ್ಕೆ ಇನ್ನೂ ಹಳೆಯ ಕಾರಣವಿದೆ. ಅಮೆರಿಕದಲ್ಲಿ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕನ್ನು ಕೊಟ್ಟ ೧೯೩೫ರ ಕಾಯಿದೆಯೂ, ಕನಿಷ್ಠ ಕೂಲಿಯನ್ನು ಗೊತ್ತುಮಾಡಿದ ೧೯೩೮ರ ಕಾಯಿದೆಯೂ ಹೊಲದ ಕೂಲಿಯನ್ನು ಹೊರಗಿಟ್ಟುವು. ಕನಿಷ್ಠ ಕೂಲಿ ಅವನವರೆಗೆ ಬಂದುದು ೧೯೬೬ರಲ್ಲಿ. ಹೊತ್ತು ಮೀರಿದ ದುಡಿಮೆಗೆ ಒಂದೂವರೆಯಷ್ಟು ಕೂಲಿ ಎಂಬ ನಿಯಮ ಕೇಂದ್ರದ ಕಾಯಿದೆಯಲ್ಲಿ ಅವನಿಗೆ ಇಂದಿಗೂ ಇಲ್ಲ. ಕಾಲಿಫೋರ್ನಿಯದಂಥ ಕೆಲವು ಸಂಸ್ಥಾನಗಳು ಮಾತ್ರ ಈಚೆಗೆ ಕೊಟ್ಟಿವೆ. ೧೯೬೫ರಲ್ಲಿ ಡೆಲಾನೋ ಊರಿನ ದ್ರಾಕ್ಷಿತೋಟಗಳಲ್ಲಿ ಮೊದಲು ಲ್ಯಾರಿ ಇಟ್ಲಿಯಾಂಗರ ಫಿಲಿಪೀನೀ ಕೂಲಿಗಳೂ, ಅವರ ಹಿಂದೆಯೇ ಸೇಸರ್ ಚಾವೆಜ್, ಡೊಲೊರೆಸ್ ಹುಯೆರ್ಟಾ ಇವರ ಮುಂದಾಳುತನದಲ್ಲಿ ಮೆಕ್ಸಿಕೋದವರೂ ಕೆಲಸ ನಿಲ್ಲಿಸಿ ಐದು ವರ್ಷ ಹೋರಾಡಿದರು. ೧೯೭೫ರಲ್ಲಿ ಕಾಲಿಫೋರ್ನಿಯವು ಹೊಲದ ಕೂಲಿಗಳಿಗೆ ಸಂಘದ ಹಕ್ಕನ್ನು ಕೊಟ್ಟಿತು. ಅದೇ ವರ್ಷ, ಎರಡು ಅಡಿಯೂ ಇಲ್ಲದ ಗಿಡ್ಡ ಹಿಡಿಯ ಗುದ್ದಲಿ ಅಲ್ಲಿ ನಿಷಿದ್ಧವಾಯಿತು. ಆ ಗುದ್ದಲಿಯಿಂದ ಕಳೆ ತೆಗೆಯುವವನು ದಿನವಿಡೀ ಎರಡಾಗಿ ಬಾಗಿಯೇ ಇರಬೇಕಾಗಿದ್ದಿತು. ಎದ್ದು ನಿಂತವನು ಕೆಲಸಗಳ್ಳನೆಂದು ಮೇಸ್ತ್ರಿಗೆ ದೂರದಿಂದಲೇ ತಿಳಿಯುವುದೊಂದು ಅದರ ಅನುಕೂಲ. ಸಾವಿರಾರು ಬೆನ್ನುಗಳನ್ನು ಉಳಿಸಿದುದು ಇದು. ಇದನ್ನು ತಂದುದು ಸಕ್ರಮದ ಚೀಟಿಯಲ್ಲ, ಹೊಲದೊಳಗಿನ ಕೆಲಸವನ್ನೇ ಕುರಿತು ಮಾಡಿದ ನಿಯಮ. ೧೯೮೬ರ ಕಾಯಿದೆ ಹೊಲದೊಳಗೆ ಇಣಿಕಿ ನೋಡಲಿಲ್ಲ. ಅಲ್ಲಿಂದ ಹೊರಗೆ ಹೋಗುವ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿತು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯರೊಬ್ಬರು ಸಾನ್ ಹೊಸೆಯಿಂದ ನನ್ನನ್ನು ಸಲೀನಾಸ್ ಕಣಿವೆಗೆ ಕರೆದುಕೊಂಡು ಹೋದರು. ಗಂಟೆಯೊಂದರ ದಾರಿ. ಲೆಟಿಸ್ ಹೊಲದಲ್ಲಿ ತಲೆಗೆ ವಸ್ತ್ರ ಸುತ್ತಿದ ಆಳುಗಳ ಸಾಲೊಂದು ಯಂತ್ರದ ಹಿಂದೆ ಸರಿಯುತ್ತಿದ್ದಿತು. ಶಿಷ್ಯರು, "ಇವರಿಗೆ ವೀಸಾ ಇರುತ್ತದೆಯೇ, ಮೇಷ್ಟ್ರೇ?" ಎಂದರು. ನಮ್ಮ ಮನೆಗಳಲ್ಲಿ ಎಚ್-೧ಬಿ ಎಂಬ ಮಾತನ್ನು ಕೇಳದವರಿಲ್ಲ. ಅದಕ್ಕೆ ಎಚ್-೨ಎ ಎಂಬ ದಾಯಾದಿಯೊಂದಿದೆಯೆಂದು ನಾನು ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು. ಎರಡೂ ೧೯೫೨ರ ಕಾಯಿದೆಯ ಒಂದೇ ಬಳ್ಳಿಯವು. ಎರಡರಲ್ಲಿಯೂ ಅಪ್ಪಣೆ ಧಣಿಯ ಹೆಸರಿಗೆ ಅಂಟಿದೆ. ಆದರೆ ಎಂಜಿನಿಯರನು ತಡವಾಗಿಯಾದರೂ ಕಾಯಂ ನಿವಾಸದ ಸಾಲಿನಲ್ಲಿ ನಿಲ್ಲುತ್ತಾನೆ, ಇನ್ನೊಬ್ಬ ಧಣಿಯ ಕಡೆಗೆ ಹೋಗುವ ದಾರಿಯೂ ಅವನಿಗುಂಟು. ಹೊಲದವನಿಗೆ ಋತು ಮುಗಿದರೆ ಊರು. ಧಣಿ ಕೆಟ್ಟವನಾದರೆ ಅವನನ್ನು ಸಹಿಸಬೇಕು, ಇಲ್ಲವೆ ಮರಳಬೇಕು. ಬರುವುದಕ್ಕೆ ಊರಿನ ದಲ್ಲಾಳಿಗೆ ಸಾಲಮಾಡಿ ಹಣ ತೆತ್ತಿದ್ದರೆ ಮರಳುವಂತೆಯೂ ಇಲ್ಲ. ಹಾಗೆ ಹಣ ಕೀಳಕೂಡದೆಂಬ ನಿಯಮವಿದೆ. ದಲ್ಲಾಳಿ ಗಡಿಯ ಆಚೆಗಿದ್ದಾನೆ. ಧಣಿಯು ವಸತಿ ಒದಗಿಸಬೇಕು, ಕರಾರಿನ ದಿನಗಳಲ್ಲಿ ಮುಕ್ಕಾಲು ಪಾಲಿಗಾದರೂ ಕೆಲಸ ಕೊಡಬೇಕು ಎಂಬ ಒಳ್ಳೆಯ ನಿಯಮಗಳೂ ಉಂಟು. ಈ ಎಚ್-೨ಎ ೨೦೦೫ರಲ್ಲಿ ೫೦ ಸಾವಿರದ ಒಳಗೆ ಇದ್ದುದು ೨೦೨೨ರಲ್ಲಿ ೩ ಲಕ್ಷ ೭೦ ಸಾವಿರವನ್ನು ದಾಟಿತು. ಬ್ರಾಸೇರೋ ಬೇರೆ ಹೆಸರಿನಲ್ಲಿ ಮರಳಿದ್ದಾನೆ.

ಶಾಸನಕರ್ತರು ೧೯೮೬ರಿಂದ ಒಂದು ಪಾಠ ಕಲಿತರು; ಯಾವ ಪಾಠವೆಂಬುದನ್ನು ನೋಡಿ. ಹೊಲದ ಕೆಲಸ ಕೀಳಾಗಿರುವುದರಿಂದ ಬಿಡುಗಡೆ ಸಿಕ್ಕಿದವನು ಹೊರಟುಹೋಗುತ್ತಾನೆ ಎಂದಾದರೆ, ಕೆಲಸವನ್ನು ಮೇಲುಮಾಡುವುದು ಒಂದು ದಾರಿ. ಬಿಡುಗಡೆಯನ್ನು ತಡಮಾಡುವುದು ಇನ್ನೊಂದು. ೨೦೧೯ರ ಡಿಸೆಂಬರಿನಲ್ಲಿಯೂ ೨೦೨೧ರ ಮಾರ್ಚಿನಲ್ಲಿಯೂ ಅಮೆರಿಕದ ಕೆಳಮನೆ ಒಪ್ಪಿದ ಮಸೂದೆ ಎರಡನೆಯ ದಾರಿಯನ್ನು ಹಿಡಿಯಿತು. ಹಿಂದಿನ ಎರಡು ವರ್ಷಗಳಲ್ಲಿ ೧೮೦ ದಿನ ದುಡಿದವನಿಗೆ ತಾತ್ಕಾಲಿಕ ಅಪ್ಪಣೆ. ಕಾಯಂ ಚೀಟಿ ಬೇಕಾದರೆ ಸಾವಿರ ಡಾಲರು ಜುಲ್ಮಾನೆಯ ಜತೆಗೆ, ಹಿಂದೆ ಹತ್ತು ವರ್ಷ ದುಡಿದವನು ಇನ್ನು ನಾಲ್ಕು ವರ್ಷ, ಅಷ್ಟು ದುಡಿಯದವನು ಇನ್ನು ಎಂಟು ವರ್ಷ ಹೊಲದಲ್ಲಿಯೇ ದುಡಿಯಬೇಕು. ಕೂಲಿಕಾರರ ಸಂಘದವರೂ ಜಮೀನುದಾರರ ಪೈಕಿ ಬಹುಮಂದಿಯೂ ಇದನ್ನು ಕೂಡಿಯೇ ಬೆಂಬಲಿಸಿದರು. ಏನೂ ಇಲ್ಲದಿರುವುದಕ್ಕಿಂತ ಇದು ಮೇಲೆಂದು ಸಂಘದವರು ಹೇಳಿದರೆ, ನಮ್ಮ ಹಾಗೆ ದೂರದಲ್ಲಿ ಕುಳಿತವರು ಅದನ್ನು ಜರೆಯುವುದು ಸುಲಭ, ಉಚಿತವಲ್ಲ. ಆದರೂ ಎಂಟು ವರ್ಷದ ಕೂಲಿಯನ್ನು ಬಿಡುಗಡೆಯ ಬೆಲೆಯಾಗಿ ಕೇಳುವ ಕರಾರನ್ನು ನಮ್ಮ ಭಾಷೆಯಲ್ಲಿ ಏನೆಂದು ಕರೆಯುತ್ತಾರೆಂಬುದು ತಮಗೆ ಗೊತ್ತಿದೆ. ಮೇಲ್ಮನೆಯಲ್ಲಿ ಮಸೂದೆ ಎರಡು ಸಲವೂ ನಿಂತುಹೋಯಿತು.

ಈ ಎರಡು ಮತದಾನಗಳ ನಡುವೆ, ೨೦೨೦ರ ಮಾರ್ಚಿನಲ್ಲಿ, ಮಹಾಮಾರಿಯ ದೆಸೆಯಿಂದ ಕಾಲಿಫೋರ್ನಿಯದ ಜನ ಮನೆಯೊಳಗೆ ಇರಬೇಕೆಂದು ಆಜ್ಞೆಯಾಯಿತು. ಹೊಲದ ಕೆಲಸವನ್ನು ದೇಶಕ್ಕೆ ಅತ್ಯಾವಶ್ಯಕವಾದ ಕೆಲಸವೆಂದು ಕೇಂದ್ರ ಸರಕಾರ ಸಾರಿತು. ಧಣಿಗಳು ಕೂಲಿಗಳಿಗೆ ಒಂದೊಂದು ಕಾಗದ ಬರೆದು ಕೊಟ್ಟರು. ಇವನ ದುಡಿಮೆ ರಾಷ್ಟ್ರಕ್ಕೆ ಅಗತ್ಯ, ಇವನನ್ನು ದಾರಿಯಲ್ಲಿ ತಡೆಯಬಾರದು, ಎಂದು. ಅಪ್ಪಣೆಯಿಲ್ಲದ ಲಕ್ಷಾಂತರ ಕೂಲಿಗಳಲ್ಲಿ ಹಲವರು ಆ ಕಾಗದವನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡು ಮುಂಜಾವದಲ್ಲಿ ಹೊಲಕ್ಕೆ ಹೋದರು. ಆ ದೇಶದಲ್ಲಿ ತಮ್ಮ ನಿಜವಾದ ಹೆಸರಿನ ಮೇಲೆ ಅವರಿಗೆ ದೊರೆತ ಮೊದಲನೆಯ ಕಾಗದ, ಎಷ್ಟೋ ಮಂದಿಗೆ, ಅದೇ ಇದ್ದೀತು.